ಗಂಟಿನ ಬಯಾಪ್ಸಿಗೆ ಮೊದಲೇ ಮಾತ್ರೆ ಬೇಡ

ಮಾನ್ಯ ಸಂಪಾದಕರೇ,

ಕೊರಳಲ್ಲೋ ಕಂಕುಳಲ್ಲೋ ಗಂಟು ಕಂಡರೆ ಕಲಬುರಗಿ, ಯಾದಗಿರಿ ಕಡೆ ಮೊದಲ ಗುಮಾನಿ ಟಿಬಿ ಮೇಲೆ. ಗುಮಾನಿಯೇನೋ ಸರಿಯೇ. ಆದರೆ ಪುರಾವೆಯಿಲ್ಲದೆ ಆರು ತಿಂಗಳ ಕೋರ್ಸ್ ಶುರುವಾದಾಗ ಕೆಲವರು ಕೆಡುತ್ತಾರೆ. ಏಕೆಂದರೆ ಗಂಟು ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಕೂಡ ಆಗಿರಬಹುದು. ವೇಗವಾಗಿ ಬೆಳೆಯುವ ಲಿಂಫೋಮಾಗಳಲ್ಲಿ ಹೆಚ್ಚು ಕಾಣುವ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾದಲ್ಲೂ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇರಬಹುದು. ಅದರ ಗಂಟು ಸಾಮಾನ್ಯವಾಗಿ ನೋಯದು, ವಾರಗಳಲ್ಲೇ ದಪ್ಪವಾಗುತ್ತದೆ.

ಸಣ್ಣ ಸೂಜಿಯಿಂದ ಕೋಶ ಹೀರಿ ನೋಡುವ ಎಫ್‌ಎನ್‌ಎಸಿ ಇದರ ಪತ್ತೆಗೆ ಸಾಲದು. ಸಾಧ್ಯವಿದ್ದಲ್ಲಿ ಇಡೀ ಗಂಟನ್ನೇ ತೆಗೆಯಬೇಕು. ಹೊಟ್ಟೆಯೊಳಗಿದ್ದರೆ ಕೋರ್ ಬಯಾಪ್ಸಿ, ಅಂದರೆ ದಪ್ಪ ಸೂಜಿಯಿಂದ ಚೂರು ತೆಗೆಯುವುದು. ಒಂದು ಚೂರನ್ನು ಟಿಬಿ ರೋಗಾಣು ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೆಂದು ಅಂಗಾಂಶ ಕೆಡದಂತೆ ಕಾಪಾಡುವ ದ್ರಾವಣವಾದ ಫಾರ್ಮಲಿನ್ ಸೋಕಿಸದೆ ಸಲೈನ್‌ನಲ್ಲಿಟ್ಟು, ಉಳಿದದ್ದನ್ನು ಅದರ ಹತ್ತು ಪಟ್ಟು 10% ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಇಡೀ ತುಂಡನ್ನು ಸಲೈನ್‌ನಲ್ಲೇ ಕಳಿಸಿದರೆ ನಮ್ಮ ಬಿಸಿಲಿಗೆ ದಾರಿಯಲ್ಲೇ ಹಾಳಾಗಿ ಲಿಂಫೋಮಾದ ಬಗೆ ತಿಳಿಸುವ ಸಿಡಿ20 ಪರೀಕ್ಷೆ ಕೈಕೊಡುತ್ತದೆ. ಇದಕ್ಕಿಂತ ದೊಡ್ಡ ಅನಾಹುತ ಸ್ಟೆರಾಯ್ಡ್. ಬಯಾಪ್ಸಿಗೆ ಮುಂಚೆ ಕೊಟ್ಟ ನಾಲ್ಕು ದಿನದ ಮಾತ್ರೆಗೇ ಗಂಟು ಕುಗ್ಗಬಹುದು. ರೋಗಿಗೆ ಖುಷಿ, ಪೆಥಾಲಜಿಸ್ಟ್‌ಗೆ ಸಿಗುವುದು ಸತ್ತ ಕೋಶ. ಮೇಣದಲ್ಲಿ ಹುದುಗಿಸಿದ ಚೂರಿನ ಬ್ಲಾಕ್, ಸ್ಲೈಡುಗಳನ್ನು ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೈದರಾಬಾದಿಗೋ ಜೊತೆಯಲ್ಲೇ ಒಯ್ಯಿರಿ.

ಚಿಕಿತ್ಸೆ ಸಾಮಾನ್ಯವಾಗಿ ಆರ್-ಚಾಪ್ ಎಂಬ ಐದು ಔಷಧಗಳ ಜೋಡಣೆ: 21 ದಿನಕ್ಕೊಮ್ಮೆ, ಹೆಚ್ಚಿನವರಿಗೆ ಆರು ಸೈಕಲ್. ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ. ಶುರುವಿಗೆ ಮುನ್ನ ಹೃದಯದ ಎಕೋ ಬೇಕು, ಏಕೆಂದರೆ ಅದರಲ್ಲಿನ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿಗೆ ರಕ್ತದಲ್ಲಿ ಸರ್ಫೇಸ್ ಆ್ಯಂಟಿಜೆನ್ ಜೊತೆ ಕೋರ್ ಆ್ಯಂಟಿಬಾಡಿಯನ್ನೂ ನೋಡಬೇಕು. ಅಡಗಿದ ವೈರಸ್ಸನ್ನು ಆರ್-ಚಾಪ್‌ನ ಇನ್ನೊಂದು ಔಷಧ ರಿಟುಕ್ಸಿಮ್ಯಾಬ್ ಎಬ್ಬಿಸಬಹುದು. ಈ ಔಷಧವನ್ನು ಹೊರಗೆ ಕೊಂಡರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ತರಬೇಕು, ಬರ್ಫಕ್ಕೆ ನೇರ ತಾಗಿಸಬಾರದು.

ಕೀಮೊ ಆದ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣ ತಳ ಮುಟ್ಟುತ್ತವೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಫ್ಯಾರನ್‌ಹೀಟ್ ದಾಟಿದರೆ ಪ್ಯಾರಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಅಲ್ಲಿ ಒಂದು ತಾಸಿನೊಳಗೆ ನರಕ್ಕೆ ಆ್ಯಂಟಿಬಯೋಟಿಕ್ ಬೀಳಬೇಕು. ಎರಡನೇ ಸೈಕಲ್‌ಗೇ ಗಂಟು ಮಾಯವಾಯಿತೆಂದು ಬಿಟ್ಟವರಲ್ಲಿ ರೋಗ ಮರಳಿದರೆ ಹಿಡಿಯುವುದು ಬಲು ಕಷ್ಟ.

ಕೊರಳ ಮೇಲ್ಪದರದ ಗಂಟನ್ನು, ಸರ್ಜನ್ ಇರುವ ತಾಲೂಕು ಆಸ್ಪತ್ರೆಯಲ್ಲೇ, ಆ ಜಾಗ ಮರಗಟ್ಟಿಸಿ ತೆಗೆಯಬಹುದು. ಆಳಂದ, ಸೇಡಂ, ಶಹಾಪುರ, ಔರಾದದಲ್ಲಿ ಫಾರ್ಮಲಿನ್ ಡಬ್ಬಿ ಸದಾ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

– ಪೆಥಾಲಜಿ ವೈದ್ಯರೊಬ್ಬರು, ಕಲಬುರಗಿ