‘ಅಂತೆ’ ಸೇರಿಸಿದರೆ ಬಚಾವಾಗೋದಿಲ್ಲ

ಪ್ರೀತಿಯ ಮಗಳೇ,

ನೀನು ಕಳಿಸಿದ ಬರಹ ಎರಡು ಸಲ ಓದಿದೆ. ಮೂರು ತಿಂಗಳ ಸಂಬಳ ಕೊಡದೆ ಸತಾಯಿಸಿದ ಮಾಲೀಕನ ಮೇಲೆ ನಿನಗೆ ಸಿಟ್ಟು ಬಂದಿದ್ದು ಸಹಜ. ಓದಿ ನನಗೂ ಬಂತು. ಆದರೆ ಇವತ್ತೇ ಅದನ್ನು ಪೋಸ್ಟ್ ಮಾಡಬೇಡ.

ಮೊದಲು ಆ ‘ಕಳ್ಳ’ ಅನ್ನುವ ಮಾತು ತೆಗೆ. ‘ಸಂಬಳ ಬಂದಿಲ್ಲ, ನಾಲ್ಕು ಮೇಲ್ ಕಳಿಸಿದೆ, ಉತ್ತರವಿಲ್ಲ’ ಅಂತ ಬರೆದರೆ ಒಂದೊಂದಕ್ಕೂ ನಿನ್ನ ಹತ್ತಿರ ದಾಖಲೆ ಇದೆ. ‘ಕಳ್ಳ’ ಅನ್ನೋದಕ್ಕೆ ಏನಿದೆ? ಮಾನನಷ್ಟದ ಕೇಸು ಬಿದ್ದರೆ ‘ನಾನು ನಿಜ ಹೇಳಿದ್ದು’ ಅಂದರೆ ಸಾಲದು. ಅದನ್ನು ಸಾಬೀತು ಮಾಡುವ ಹೊಣೆ ಎಷ್ಟೋ ದೇಶಗಳಲ್ಲಿ ಹೇಳಿದವರ ಮೇಲೇ ಬೀಳುತ್ತದೆ. ‘ಎಷ್ಟೋ ಜನಕ್ಕೆ ಮೋಸ ಮಾಡಿದ್ದಾನಂತೆ’ ಅನ್ನುವ ಸಾಲನ್ನಂತೂ ಬಿಟ್ಟೇಬಿಡು. ಯಾರೋ ಹೇಳಿದ್ದನ್ನು ನೀನು ಮತ್ತೆ ಹೇಳಿದರೆ ಅದು ನಿನ್ನ ಮಾತೇ ಆಗುತ್ತದೆ. ‘ಅಂತೆ’ ಸೇರಿಸಿದರೆ ಬಚಾವಾಗೋದಿಲ್ಲ. ಸುಮ್ನೆ ಫಾರ್ವರ್ಡ್ ಮಾಡಿದವರೂ ಸಿಕ್ಕಿಹಾಕಿಕೊಂಡಿದ್ದಾರೆ.

ಸಂಬಳದ ಚೀಟಿಯ ಪಿಡಿಎಫ್‌ನಲ್ಲಿ ಖಾತೆ ನಂಬರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದೀಯ. ಆ ಜಾಗವನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದೆ. ನಂಬರ್ ಪೂರ್ತಿ ಬಂತು! ಪಟ್ಟಿ ಮೇಲೆ ಕೂತಿದೆ ಅಷ್ಟೇ, ಅಕ್ಷರ ಕೆಳಗೆ ಹಾಗೇ ಇದೆ. (ನಾನೂ ಒಮ್ಮೆ ಹೀಗೇ ಮಾಡಿಕೊಂಡಿದ್ದೆ. ಆ ಕಥೆ ನೀನು ಸಿಕ್ಕಾಗ ಹೇಳುತ್ತೇನೆ.)

‘ಬೇಕಾದರೆ ಆಮೇಲೆ ಡಿಲೀಟ್ ಮಾಡ್ತೀನಿ’ ಅಂದಿದ್ದೀಯ. 2003ರಲ್ಲಿ ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ ತಮ್ಮ ಮನೆ ಕಾಣುವ ಒಂದು ಫೋಟೊವನ್ನು ಇಂಟರ್‌ನೆಟ್ಟಿನಿಂದ ತೆಗೆಸಲು ಕೋರ್ಟಿಗೆ ಹೋದರು. ಅಲ್ಲಿವರೆಗೆ ಅದು ಡೌನ್‌ಲೋಡ್ ಆಗಿದ್ದು ಆರೇ ಸಲ. ಅದರಲ್ಲೂ ಎರಡು ಸಲ ಅವರ ವಕೀಲರೇ! ಸುದ್ದಿ ಹಬ್ಬಿದ ಮೇಲೆ ಒಂದೇ ತಿಂಗಳಲ್ಲಿ 4 ಲಕ್ಷಕ್ಕೂ ಜಾಸ್ತಿ ಜನ ಆ ತಾಣಕ್ಕೆ ಹೋಗಿ ನೋಡಿದರು. ಕೇಸನ್ನೂ ಕೋರ್ಟು ವಜಾ ಮಾಡಿತು. ಅಷ್ಟು ದುಡ್ಡಿದ್ದವರ ಗತಿಯೇ ಹೀಗೆ. ನಿನ್ನದನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದುಕೊಂಡರೆ ಏನು ಮಾಡುತ್ತೀಯ?

ಸ್ಕ್ರೀನ್‌ಶಾಟ್ ಅಂದಾಗ ನೆನಪಾಯಿತು. ನನಗೆ ನಿದ್ದೆ ಕೆಡಿಸಿದ್ದು ಅದೇ. ನೀನು ಹಾಕಿರುವ ಗ್ರೂಪ್ ಚಾಟ್‌ನಲ್ಲಿ ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯ ಹೆಸರು, ನಂಬರ್ ಎರಡೂ ಕಾಣುತ್ತವೆ. ಮಾಲೀಕನನ್ನು ನಿನಗಿಂತ ಜಾಸ್ತಿ ಬೈದಿರೋದು ಅವಳೇ. ಅವಳಿನ್ನೂ ಅಲ್ಲೇ ಕೆಲಸದಲ್ಲಿದ್ದಾಳೆ, ಅಲ್ವಾ? ನಿನ್ನನ್ನು ನಂಬಿ ಆಡಿದ ಮಾತು ಅದು. ಊರಿಗೆಲ್ಲ ಕೇಳಲಿ ಅಂತ ಅಲ್ಲ.

ನಾನು ಸುಮ್ಮನಿರು ಅನ್ನುತ್ತಿಲ್ಲ. ಮೇಲ್‌ಗಳನ್ನೆಲ್ಲ ತೆಗೆದಿಟ್ಟುಕೊಂಡು ಒಬ್ಬ ವಕೀಲರಿಗೆ ತೋರಿಸು. ಬರಹ ತಿದ್ದಿ ನನಗೆ ಇನ್ನೊಮ್ಮೆ ಕಳಿಸು. ಅದಕ್ಕೂ ಮುಂಚೆ ಆ ಹುಡುಗಿಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ