ಗೆರೆ ಮುಟ್ಟಲಿಲ್ಲ ಅಕ್ಕ

ಮೊನ್ನೆ ಬುಧವಾರ ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ 5 ಲೀಟರಿನ ಎಣ್ಣೆ ಕ್ಯಾನೊಂದನ್ನು ಹೊತ್ತುಕೊಂಡು ಹೋಗಿದ್ದೆ. ಒಳಗಿದ್ದದ್ದು ಎಣ್ಣೆಯಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿಯ, ಚುಚ್ಚಿ ಮುಗಿಸಿದ ಸಿರಿಂಜುಗಳು. ಬಸಿರಿನ 7ನೇ ವಾರದಿಂದ ಹಿಡಿದು ಹೆರಿಗೆಯಾಗಿ 6 ವಾರದವರೆಗೆ ದಿನಕ್ಕೊಂದು, ಎಲ್ಲಾ ಸೇರಿ 250ರ ಆಚೀಚೆ. ಸಿಸ್ಟರ್ ಕ್ಯಾನನ್ನು ಅಲುಗಿಸಿ ನೋಡಿ, "ಇಷ್ಟೂ ನಿಮ್ಮ ಹೊಟ್ಟೆಗೇನಾ?" ಅಂದರು. ಹೌದು. ಆ ಹೊಟ್ಟೆಯಲ್ಲಿದ್ದವಳು ಈಗ ಪಕ್ಕದ ತೊಟ್ಟಿಲಲ್ಲಿ ನಿದ್ದೆಯಲ್ಲೇ ನಗುತ್ತಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಮೊದಲ ಥ್ಯಾಂಕ್ಸ್ ಇದೇ ಸಿಸ್ಟರಿಗೆ. ಯಾಕೆಂದು ಹೇಳಬೇಕಾದರೆ ಒಂದು ನಾಚಿಕೆಯ ಕತೆ ಹೇಳಬೇಕು. ನಾಚಿಕೆ ನನ್ನದಲ್ಲ ಅನ್ನುವುದು ನನಗೆ ತಿಳಿಯಲು ವರ್ಷಗಳೇ ಹಿಡಿದವು.

ಮೊದಲ ಸಲ ಬಸಿರಾದಾಗ ಎಲ್ಲರಿಗೂ ಮಾಡುವ ಹಾಗೆ ನನಗೂ ವಿಡಿಆರ್‌ಎಲ್ ಪರೀಕ್ಷೆ ಮಾಡಿದರು. ಸಿಫಿಲಿಸ್ ಇದೆಯೇ ಎಂದು ನೋಡುವ ಪರೀಕ್ಷೆ ಅದು. ನನ್ನದು ಪಾಸಿಟಿವ್ ಬಂತು. ಆ ಕೌಂಟರಿನಲ್ಲಿ ಕೂತಿದ್ದವರು ನಾಲ್ಕು ಜನರ ಮುಂದೆ ಗಟ್ಟಿಯಾಗಿ "ಗಂಡನ್ನೂ ಕರ್ಕೊಂಡು ಬನ್ನಿ" ಅಂದರು. ಸಾಲಿನಲ್ಲಿ ನಮ್ಮೂರಿನವರೂ ಇದ್ದರು. ಮನೆಯಲ್ಲಿ ಮೂರು ದಿನ ಊಟಕ್ಕೆ ಬನ್ನಿ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ನಮ್ಮವರು ಬಚ್ಚಲೊಲೆಗೆ ಕಟ್ಟಿಗೆ ಹಾಕುತ್ತಾ ಅಲ್ಲೇ ಕೂತಿರುತ್ತಿದ್ದರು. ನಾಲ್ಕನೇ ದಿನ ಈ ಸಿಸ್ಟರ್ ಇಬ್ಬರನ್ನೂ ಒಳಗೆ ಕರೆದು, ಬಾಗಿಲು ಹಾಕಿ, "ಇದೊಂದನ್ನೇ ನಂಬಬಾರದು, ಇನ್ನೊಂದು ಟೆಸ್ಟ್ ಇದೆ" ಎಂದು ಟಿಪಿಎಚ್‌ಎ ಬರೆಸಿದರು. ಇಬ್ಬರದೂ ನೆಗೆಟಿವ್. ಎಲ್ಲರೂ ಉಸಿರು ಬಿಟ್ಟು ಅದನ್ನು ಮರೆತೆವು. ಹಾಗಾದರೆ ಮೊದಲಿನದು ಯಾಕೆ ಪಾಸಿಟಿವ್ ಬಂತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಆ ಮಗು 22ನೇ ವಾರಕ್ಕೆ ಹೋಯಿತು. ಆಗ ಇದ್ದ ಆಸ್ಪತ್ರೆಯಲ್ಲಿ ಎಪಿಟಿಟಿ ಎಂಬ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿ, ಹೊತ್ತು ಜಾಸ್ತಿ ತಗೊಂಡಿದೆ, ನಿಮ್ಮ ರಕ್ತ ತೆಳು ಅಂದರು. ಅಷ್ಟೇ. ಎರಡನೆಯದು 9 ವಾರಕ್ಕೇ ಮುಗಿಯಿತು. ಅದರ ಬಗ್ಗೆ ಇಲ್ಲಿ ಬರೆಯಲಾರೆ.

ಎರಡನೇ ಥ್ಯಾಂಕ್ಸ್ ಶಿವಮೊಗ್ಗದ ಡಾಕ್ಟ್ರಮ್ಮನಿಗೆ. ಪ್ಲಾಸ್ಟಿಕ್ ಕವರಿನಲ್ಲಿದ್ದ ನನ್ನ ಕಾಗದಗಳನ್ನೆಲ್ಲಾ ಮೇಜಿನ ಮೇಲೆ ಹರವಿ, ಎರಡನ್ನು ಮಾತ್ರ ಎತ್ತಿ ಪಕ್ಕಪಕ್ಕ ಇಟ್ಟರು: ನಾವು ಮರೆತಿದ್ದ ವಿಡಿಆರ್‌ಎಲ್, ಮತ್ತೆ ಆ ತೆಳು ರಕ್ತದ ಎಪಿಟಿಟಿ. "ಇವೆರಡೂ ಒಂದೇ ಮಾತು ಹೇಳ್ತಿವೆ" ಅಂದರು. ವಿಡಿಆರ್‌ಎಲ್‌ಗೆ ಬಳಸುವ ದ್ರಾವಣದಲ್ಲಿ ಕಾರ್ಡಿಯೊಲಿಪಿನ್ ಎಂಬ ಕೊಬ್ಬಿನಂಶ ಇರುತ್ತದಂತೆ. ನನ್ನ ಮೈಯ ರೋಗನಿರೋಧಕ ವ್ಯವಸ್ಥೆ ತಪ್ಪು ತಿಳಿದು ಅದರ ವಿರುದ್ಧವೇ ಆ್ಯಂಟಿಬಾಡಿ ಮಾಡಿಟ್ಟುಕೊಂಡಿತ್ತು. ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಎಂಬ ವೈದ್ಯರು ಇದನ್ನು ವಿವರಿಸಿದರಂತೆ. ಇದರ ತಮಾಷೆ ಏನೆಂದರೆ, ಇಂಥ ರಕ್ತ ಗಾಜಿನ ನಳಿಗೆಯಲ್ಲಿ ನಿಧಾನ ಹೆಪ್ಪುಗಟ್ಟುತ್ತದೆ, ಮೈಯೊಳಗೆ ಬೇಡದ ಕಡೆ ಹೆಪ್ಪುಗಟ್ಟುತ್ತದೆ. ತೆಳು ಅಂದುಕೊಂಡಿದ್ದ ರಕ್ತ ಮಾಸಿನ ನಾಳಗಳನ್ನು ಕಟ್ಟಿಹಾಕುತ್ತಿತ್ತೇನೋ.

ನಾನು ಆವತ್ತೇ ಔಷಧಿ ಕೊಡಿ ಎಂದು ಅತ್ತೆ. ಕೊಡಲಿಲ್ಲ. ಹೆಪಾರಿನ್ ಮೈಯೊಳಗಿದ್ದರೆ ಪರೀಕ್ಷೆಯ ಫಲಿತಾಂಶ ಹಾಳಾಗುತ್ತದೆ, ಮೊದಲು ರಕ್ತ ಕೊಡಿ ಅಂದರು.

ಈಗ ಲ್ಯಾಬಿನ ಹುಡುಗಿ. ನಿಜ ಹೇಳಬೇಕೆಂದರೆ ಈ ಬರಹ ಅವಳಿಗೋಸ್ಕರವೇ. ಡಾಕ್ಟರಿಗೆ ಎಲ್ಲರೂ ಅಡಿಕೆ ಸಿಪ್ಪೆ ಹಾರದಷ್ಟು ಮೆಲ್ಲಗೆ ಮಾತಾಡಿ ಕೈ ಮುಗಿಯುತ್ತಾರೆ, ಸೂಜಿ ಚುಚ್ಚಿದವರನ್ನು ಬೈದುಕೊಂಡು ಹೋಗುತ್ತಾರೆ. ನಾನೂ ಹಾಗೇ ಮಾಡಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ, ಮಳೆಯಲ್ಲಿ ಮಂಡಗದ್ದೆಯ ಮರಗಳ ತುಂಬಾ ಕೂತ ಬೆಳ್ಳಕ್ಕಿಗಳನ್ನು ಕಿಟಕಿಯಿಂದ ನೋಡುತ್ತಾ ಶಿವಮೊಗ್ಗ ತಲುಪಿದ್ದೆ. ಚಳಿಗೆ ನರ ಒಳಗೆ ಸೇರಿಕೊಂಡಿತ್ತು. ಅವಳು ಚುಚ್ಚಿದಳು, ತಿಳಿನೀಲಿ ಮುಚ್ಚಳದ ಟ್ಯೂಬಿಗೆ ರಕ್ತ ಸ್ವಲ್ಪ ಬಂದು ನಿಂತಿತು. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದಳು.

"ಗೆರೆ ಮುಟ್ಟಲಿಲ್ಲ ಅಕ್ಕ. ಇನ್ನೊಂದು ಸಲ ಚುಚ್ಚಬೇಕು."

"ಇಷ್ಟು ಸಾಕಾಗಲ್ವೇನಮ್ಮಾ?" ನನಗೆ ಸಿಟ್ಟೇ ಬಂದಿತ್ತು.

ಸಾಕಾಗುವುದಿಲ್ಲ. ಆ ಟ್ಯೂಬಿನ ತಳದಲ್ಲಿ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತದೆ. ಅದರ ಒಂದು ಪಾಲಿಗೆ ರಕ್ತ 9 ಪಾಲು ಇರಲೇಬೇಕು. ಕಮ್ಮಿಯಾದರೆ ಉಳಿದ ಸಿಟ್ರೇಟ್ ಪರೀಕ್ಷೆಗೆ ಬೇಕಾದ ಕ್ಯಾಲ್ಸಿಯಂ ಅನ್ನೂ ನುಂಗಿ, ಸರಿಯಿರುವ ರಕ್ತವೂ ನಿಧಾನ ಅನ್ನಿಸಿಬಿಡುತ್ತದೆ. ಅವಳು ಆ ಟ್ಯೂಬನ್ನು ಬುಟ್ಟಿಗೆ ಹಾಕಿ, ನನ್ನ ಕೈಗೆ ಬಿಸಿನೀರಿನ ಬಾಟಲಿ ಕೊಟ್ಟು ಹತ್ತು ನಿಮಿಷ ಕೂರಿಸಿ ಮತ್ತೆ ತೆಗೆದಳು. ಈ ಸಲ ಗೆರೆ ಮುಟ್ಟಿತು. ಯಂತ್ರದಲ್ಲಿ ಒಂದು ಸಲ ತಿರುಗಿಸಿ, ಮೇಲಿನ ಹಳದಿ ನೀರು ತೆಗೆದು, ಇನ್ನೊಂದು ಸಲ ತಿರುಗಿಸಿದಳು. ಎರಡೆರಡು ಸಲ ಯಾಕೆ ಎಂದು ಕೇಳಿದ್ದಕ್ಕೆ, ಪ್ಲೇಟ್‌ಲೆಟ್ ಉಳಿದುಕೊಂಡರೆ ಫ್ರೀಜರಿನಲ್ಲಿ ಇಟ್ಟಾಗ ಒಡೆದು ಅದರ ಕೊಬ್ಬು ಆ್ಯಂಟಿಬಾಡಿಯನ್ನು ಹೀರಿಕೊಳ್ಳುತ್ತದೆ, ಆಗ ಇದ್ದ ಕಾಯಿಲೆಯೂ ಇಲ್ಲ ಅಂತ ಬರುತ್ತದೆ ಅಂದಳು. ಊಟದ ಹೊತ್ತು ಮೀರಿತ್ತು. ಅವಳ ಡಬ್ಬಿ ಕಿಟಕಿ ಮೇಲೆ ಹಾಗೇ ಇತ್ತು.

ರಿಪೋರ್ಟಿನಲ್ಲಿ ಡಿಆರ್‌ವಿವಿಟಿ ಎಂಬ ಪರೀಕ್ಷೆಯೊಂದಿತ್ತು. ಏನದು ಅಂದರೆ ರಸೆಲ್ಸ್ ವೈಪರ್ ವಿಷ. ನಮ್ಮ ಕೊಳಕುಮಂಡಲ! ಆ ವಿಷವನ್ನು ತೀರಾ ತೆಳು ಮಾಡಿ ಪ್ಲಾಸ್ಮಾಗೆ, ಅಂದರೆ ಆ ಹಳದಿ ನೀರಿಗೆ, ಬೆರೆಸಿದರೆ ಅದು ಹೆಪ್ಪುಗಟ್ಟುವ ಸರಪಳಿಯ ಹತ್ತನೇ ಅಂಶವನ್ನು ನೇರ ಎಬ್ಬಿಸುತ್ತದೆ. ಮುಂದಿನ ಕೆಲಸಕ್ಕೆ ಫಾಸ್ಫೊಲಿಪಿಡ್ ಎಂಬ ಕೊಬ್ಬು ಬೇಕು, ಅದನ್ನು ನನ್ನ ಆ್ಯಂಟಿಬಾಡಿಗಳು ಹಿಡಿದಿಟ್ಟಿರುವುದರಿಂದ ತಡವಾಗುತ್ತದೆ. ಫಾಸ್ಫೊಲಿಪಿಡ್ ಧಾರಾಳ ಸುರಿದರೆ ಹೊತ್ತು ಮತ್ತೆ ಇಳಿಯುತ್ತದೆ. ಕಳ್ಳ ಸಿಕ್ಕಿಬೀಳುವುದು ಅಲ್ಲೇ. ಮಾವನಿಗೆ ಇದನ್ನು ಹೇಳಿದಾಗ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, "ಹೋದ್ವರ್ಷ ದರಗಿನಡೀಲಿ ಇದ್ದದ್ದನ್ನ ಹೊಡಿಬಾರದಿತ್ತು ಹಾಗಾದ್ರೆ" ಅಂದರು. ಮಾವ, ಹಾವಿಗೂ ಒಂದು ಥ್ಯಾಂಕ್ಸ್ ಹಾಕಿದ್ದೇನೆ, ನೋಡಿ.

ಪಾಸಿಟಿವ್ ಬಂದರೂ ಆಗಲಿಲ್ಲ. ಜ್ವರಗಿರ ಬಂದು ಹೋದಾಗಲೂ ಇಂಥ ಆ್ಯಂಟಿಬಾಡಿ ತಾತ್ಕಾಲಿಕವಾಗಿ ಏಳುತ್ತವೆ, 12 ವಾರ ಬಿಟ್ಟು ಮತ್ತೆ ನೋಡಬೇಕು ಅಂದರು. ಶ್ರಾವಣದಲ್ಲಿ ಕೊಟ್ಟ ರಕ್ತವನ್ನು ದೀಪಾವಳಿ ಕಳೆದ ಮೇಲೆ, ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಇನ್ನೊಮ್ಮೆ ಕೊಟ್ಟು ಬಂದೆ. ಮತ್ತೆ ಪಾಸಿಟಿವ್. ಕಾಯಿಲೆ ಇದೆ ಎಂದು ಖಾತ್ರಿಯಾದ ದಿನ ಗಂಡ ಹೆಂಡತಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದೆವು. ಹುಚ್ಚರ ಹಾಗೆ ಕಾಣಬಹುದು. ಕಾರಣ ಗೊತ್ತಿಲ್ಲದೆ ಎರಡನ್ನು ಕಳೆದುಕೊಂಡವರಿಗೆ ಹೆಸರೊಂದು ಸಿಕ್ಕಿದರೆ ಹಸಿವಾಗುತ್ತದೆ.

ಮತ್ತೆ ಬಸಿರಾದೆ. ಆಮೇಲಿನದು ದಿನಾ ಆಸ್ಪಿರಿನ್, ದಿನಾ ಹೆಪಾರಿನ್ ಸೂಜಿ. ಶಿವಮೊಗ್ಗದ ಮೆಡಿಕಲ್ಲಿನಿಂದ ಬಸ್ಸಿಗೆ ಹಾಕಿ ಕಳಿಸಿದ ಪೊಟ್ಟಣವನ್ನು ಒಂದು ದಿನವೂ ತಪ್ಪಿಸದೆ ನಮ್ಮ ದಣಪೆಯ ಹತ್ತಿರ ಇಳಿಸಿ ಹಾರನ್ ಹೊಡೆದ ಕಂಡಕ್ಟರಣ್ಣನಿಗೆ, ಹಾವು ಕಂಡರೆ ಹೆದರದ ಆದರೆ ಸೂಜಿ ಕಂಡರೆ ಕಣ್ಣು ಮುಚ್ಚುವ ಅತ್ತೆಗೆ (ಸೂಜಿ ಶುರುವಾದ ಮೂರನೇ ವಾರದಿಂದ ಚುಚ್ಚಿದ್ದು ಅವರೇ, ಕಣ್ಣು ಬಿಟ್ಟುಕೊಂಡು), ನೀಲಿಗಟ್ಟಿದ ಹೊಟ್ಟೆ ನೋಡಿ ಏನೂ ಕೇಳದೆ ಬಿಟ್ಟ ಅಕ್ಕಪಕ್ಕದವರಿಗೆ, ಎಲ್ಲರಿಗೂ.

ಕಾಯಿಲೆ ವಾಸಿಯಾಗಿಲ್ಲ. ಆ್ಯಂಟಿಬಾಡಿಗಳು ಇದ್ದೇ ಇವೆ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನೇ ಹೇಳಬೇಕು, ಆ ಕವರು ಕಪಾಟಿನ ಮೇಲ್ಗಡೆಯೇ ಇದೆ.

ಹೋದ ವಾರ ಮಗುವನ್ನು ಎತ್ತಿಕೊಂಡು ಆ ಲ್ಯಾಬಿಗೆ ಹೋಗಿದ್ದೆ. ಹುಡುಗಿಗೆ ನನ್ನ ಮುಖ ನೆನಪಾಗಲಿಲ್ಲ. ಹೆಸರು ಹೇಳಿದೆ, ಊರು ಹೇಳಿದೆ, ಆಗಲೂ ಇಲ್ಲ. ಕೊನೆಗೆ ಸೆರಗು ಸರಿಸಿ ಎಡಗೈ ಮುಂದೆ ಚಾಚಿದೆ. ಮೊಣಕೈಯ ಒಳಬದಿಯನ್ನು ಎರಡು ಬೆರಳಿನಿಂದ ಒತ್ತಿ ನೋಡಿ, "ಓ, ಬಿಸಿನೀರಿನ ಬಾಟ್ಲಿ ಅಕ್ಕ!" ಅಂದಳು.