ಯೊನೆಜಾವಾದ ದತ್ತುಮಗ: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜುನಾಥ,

ವಂಶದಿಂದ ಬಂದ ಗಾದಿಯಲ್ಲಿ ಯೋಗ್ಯನೊಬ್ಬ ಕೂರುವುದು ಬರೀ ಅದೃಷ್ಟವಲ್ಲವೇ ಎಂದು ಕೇಳಿದ್ದೆಯಲ್ಲ, ಅಂದಿನಿಂದ ಜಪಾನಿನ ಯೊನೆಜಾವಾ ಸಂಸ್ಥಾನವೇ ನೆನಪಾಗುತ್ತಿದೆ.

ಅಲ್ಲಿ ಆಳಿದ್ದು ಉಯೆಸುಗಿ ಮನೆತನ. ಸೆಕಿಗಹರಾ ಯುದ್ಧದ ಕಾಲದಲ್ಲಿ ಮುಂದೆ ಜಪಾನನ್ನೇ ಆಳಿದ ತೊಕುಗಾವಾ ಇಯೆಯಾಸುವಿಗೆ ಎದುರು ನಿಂತದ್ದಕ್ಕೆ, 1601ರಲ್ಲಿ ಮನೆತನದ ಒಡೆಯ ಕಗೆಕಾತ್ಸು 12 ಲಕ್ಷ ಕೊಕು (ಸೀಮೆಯ ಹುಟ್ಟುವಳಿಯನ್ನು ಅಳೆಯುವ ಅಕ್ಕಿಯ ಅಳತೆ) ಅಕ್ಕಿಯ ಐಜು ಸೀಮೆಯನ್ನು ಕಳೆದುಕೊಂಡು 3 ಲಕ್ಷದ ಯೊನೆಜಾವಾಕ್ಕೆ ಬಂದ. 1664ರಲ್ಲಿ ಆಗಿನ ದೊರೆ ತ್ಸುನಕಾತ್ಸು ವಾರಸುದಾರನಿಲ್ಲದೆ ತೀರಿಕೊಂಡ. ಸೋದರಳಿಯನನ್ನು ದತ್ತು ತಂದು ಮನೆತನವನ್ನೇನೋ ಉಳಿಸಿಕೊಂಡರು, ಆದರೆ ಸೀಮೆ ಒಂದೂವರೆ ಲಕ್ಷಕ್ಕೆ ಇಳಿಯಿತು. ಹಳೆಯ ವೈಭವದ ಕಾಲದ ಪರಿವಾರವನ್ನು ಮಾತ್ರ ಕೈಬಿಡಲಿಲ್ಲ. ಸಾಲ ಬೆಟ್ಟವಾಯಿತು.

1767ರಲ್ಲಿ ಆ ಸಾಲದ ಮನೆಗೆ ಒಡೆಯನಾದವನು ಹರುನೊರಿ, ಮುಂದೆ ಯೊಜಾನ್ ಎಂದು ಹೆಸರಾದವನು. ಆಗಿನ್ನೂ ಹದಿನಾರು ತುಂಬದ ಹುಡುಗ. ಅವನೂ ದತ್ತುಮಗನೇ, ಕ್ಯೂಶೂ ದ್ವೀಪದ ತಕನಾಬೆ ಎಂಬ ಸಣ್ಣ ಸಂಸ್ಥಾನದಿಂದ ಬಂದವನು. ಹತ್ತಿಬಟ್ಟೆ ಉಟ್ಟ, ಊಟವನ್ನು ಒಂದು ಸಾರು, ಒಂದು ಪಲ್ಯಕ್ಕೆ ಇಳಿಸಿದ. 1773ರಲ್ಲಿ ಏಳು ಮಂದಿ ಹಿರಿಯ ಅಧಿಕಾರಿಗಳು ತಿರುಗಿಬಿದ್ದಾಗಲೂ ಹಿಂದೆಗೆಯಲಿಲ್ಲ. ಅವರಲ್ಲಿ ಇಬ್ಬರಿಗೆ ಸೆಪ್ಪುಕು, ಅಂದರೆ ತಾವೇ ಹೊಟ್ಟೆ ಸೀಳಿಕೊಂಡು ಸಾಯುವ ಶಿಕ್ಷೆಯಾಯಿತು. ಆ ಕಠೋರತೆ ನನ್ನನ್ನು ಕಾಡುತ್ತದೆ, ಮುಚ್ಚಿಡಲಾರೆ.

ಆದರೆ ಅದೇ ಮನುಷ್ಯನ ಇನ್ನೊಂದು ಚಿತ್ರವನ್ನು ನೋಡು. ಹೆಂಡತಿ ಯುಕಿಹಿಮೆ ಸಾಕುತಂದೆಯ ಮಗಳು. ಬೆಳೆದರೂ ಮಗುವಿನಂತೆಯೇ ಉಳಿದವಳು. ಅವಳ ಪಕ್ಕದಲ್ಲಿ ಕುಳಿತು ಕಾಗದದ ಕೊಕ್ಕರೆ ಮಡಿಸುತ್ತಿದ್ದ, ಗೊಂಬೆಯಾಡುತ್ತಿದ್ದ ಎಂದು ಹೇಳುತ್ತಾರೆ. 1782ರಲ್ಲಿ ಅವಳು ತೀರಿಕೊಂಡಳು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಬೇಲಿಗೆ ಉಕೊಗಿ ಎಂಬ ಮುಳ್ಳುಗಿಡ ನೆಡಿ ಎಂದು ಪ್ರಜೆಗಳನ್ನು ಹುರಿದುಂಬಿಸಿದ. ಕಾವಲಿಗೆ ಮುಳ್ಳು, ಊಟಕ್ಕೆ ಚಿಗುರು. ಆ ಊರಿನಲ್ಲಿ ಇಂದಿಗೂ ಆ ಬೇಲಿಗಳಿವೆ, ವಸಂತದಲ್ಲಿ ಚಿಗುರು ಕಿತ್ತು ತಿನ್ನುತ್ತಾರೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. 1785ರಲ್ಲಿ ಅವನು ಗಾದಿ ಬಿಟ್ಟುಕೊಟ್ಟದ್ದು ತನ್ನ ಮಗನಿಗಲ್ಲ, ಸಾಕುತಂದೆಯ ಸ್ವಂತ ಮಗ ಹರುಹಿರೊಗೆ. ಜೊತೆಗೆ ಮೂರು ಮಾತು ಬರೆದುಕೊಟ್ಟ: ಸಂಸ್ಥಾನವು ಹಿರಿಯರಿಂದ ಬಂದು ಮಕ್ಕಳಿಗೆ ಹೋಗತಕ್ಕದ್ದು, ದೊರೆಯ ಸ್ವಂತದ್ದಲ್ಲ; ಪ್ರಜೆಗಳು ಸಂಸ್ಥಾನಕ್ಕೆ ಸೇರಿದವರು, ಅವರೂ ದೊರೆಯ ಸ್ವತ್ತಲ್ಲ; ದೊರೆ ಇರುವುದು ಸಂಸ್ಥಾನಕ್ಕಾಗಿ, ಪ್ರಜೆಗಳಿಗಾಗಿ, ಅವರಿರುವುದು ದೊರೆಗಾಗಿ ಅಲ್ಲ.

1871ರಲ್ಲಿ ಜಪಾನಿನ ಸಂಸ್ಥಾನಗಳೆಲ್ಲ ರದ್ದಾಗುವವರೆಗೂ ಯೊನೆಜಾವಾದಲ್ಲಿ ಗಾದಿ ಏರಿದ ಪ್ರತಿಯೊಬ್ಬ ದೊರೆಯ ಕೈಗೂ ಆ ಮಾತುಗಳು ಸೇರುತ್ತಿದ್ದವು.

ಇಂತಿ ನಿನ್ನ ಗೆಳೆಯ